ಬೀಗಲ್ ಹಡಗಿನ ಮರದ ಕಿಟ್: ಯಾವ ನಕ್ಷೆ, ಯಾವ ಚಿತ್ರ ನಂಬಬೇಕು?

ಬಳ್ಳಾರಿ ಟೀಚರ್

ಎಲ್ಲರಿಗೂ ನಮಸ್ಕಾರ. ಡಾರ್ವಿನ್ ಪ್ರಪಂಚ ಸುತ್ತಿದ ಎಚ್‌ಎಂಎಸ್ ಬೀಗಲ್ ಹಡಗಿನ ಮರದ ಕಿಟ್ ತರಿಸಿದ್ದೇನೆ. 1:60 ಅಳತೆಯದ್ದು, ವಿದೇಶದ ಕಂಪನಿಯದ್ದು. ಬಳ್ಳಾರಿಯಲ್ಲಿ ಹೈಸ್ಕೂಲಿಗೆ ವಿಜ್ಞಾನ ಪಾಠ ಮಾಡುತ್ತೇನೆ. ವಿಕಾಸವಾದದ ಪಾಠ ಬಂದಾಗ ಮಕ್ಕಳು ಮೊದಲು ಕೇಳುವುದೇ ಹಡಗಿನ ಬಗ್ಗೆ. ಎಷ್ಟು ದೊಡ್ಡದಿತ್ತು, ಎಷ್ಟು ಜನ ಇದ್ದರು, ಎಲ್ಲಿ ಮಲಗುತ್ತಿದ್ದರು ಅಂತ. ಅವರಲ್ಲಿ ಸಮುದ್ರ ನೋಡಿದವರೇ ಕಡಿಮೆ. ಅದಕ್ಕೇ ಇದನ್ನು ಕಟ್ಟಿ ಲ್ಯಾಬಿನ ಗಾಜಿನ ಕಪಾಟಿನಲ್ಲಿ ಇಡಬೇಕು ಅಂತ ಆಸೆ.

ಕಟ್ಟುವ ಮೊದಲು ಸ್ವಲ್ಪ ಓದೋಣ ಅಂತ ಕೂತರೆ ತಲೆ ಕೆಟ್ಟುಹೋಯಿತು. ಕಿಟ್ ಜೊತೆ ಬಂದ ಪುಸ್ತಕ ಯಾವ ತುಂಡಿಗೆ ಯಾವ ತುಂಡು ಅಂಟಿಸಬೇಕು ಅಂತ ಮಾತ್ರ ಹೇಳುತ್ತದೆ, ಹಡಗಿನಲ್ಲಿ ಅದು ಯಾಕೆ ಹಾಗಿತ್ತು ಅಂತ ಒಂದು ಸಾಲೂ ಇಲ್ಲ. ಇಂಟರ್ನೆಟ್‌ನಲ್ಲಿ ಒಂದು ಚಿತ್ರದಲ್ಲಿ ಬೀಗಲ್‌ಗೆ ಎರಡು ಕಂಬ, ಇನ್ನೊಂದರಲ್ಲಿ ಮೂರು. ಲಂಗರು ಎತ್ತುವ ಯಂತ್ರ ಒಬ್ಬರ ಮಾದರಿಯಲ್ಲಿ ಡೆಕ್ ಮೇಲೆ ಕಂಬದ ಹಾಗೆ ನಿಂತಿದೆ, ಇನ್ನೊಬ್ಬರದರಲ್ಲಿ ಅಡ್ಡ ಮಲಗಿದೆ. ದೋಣಿಗಳ ಲೆಕ್ಕವೂ ಒಬ್ಬೊಬ್ಬರದು ಒಂದೊಂದು. ಎಲ್ಲರೂ ತಮ್ಮದೇ ಸರಿ ಅನ್ನುತ್ತಾರೆ, ಎಲ್ಲಿಂದ ತಿಳಿಯಿತು ಅಂತ ಮಾತ್ರ ಯಾರೂ ಬರೆಯುವುದಿಲ್ಲ.

ಮಕ್ಕಳ ಮುಂದೆ ಇಟ್ಟು ಡಾರ್ವಿನ್ ಹೋದ ಹಡಗು ಹೀಗಿತ್ತು ಅಂತ ಹೇಳಬೇಕಾದರೆ ಅದು ಹಾಗೇ ಇರಬೇಕಲ್ವಾ. ಯಾವ ಆಧಾರ ನಂಬಬಹುದು, ಯಾವುದನ್ನು ಬಿಡಬೇಕು, ಹೇಗೆ ತೂಗಿ ನೋಡಬೇಕು, ದಯವಿಟ್ಟು ತಿಳಿಸಿ. ಇಂಗ್ಲಿಷ್ ಓದಲು ತೊಂದರೆ ಇಲ್ಲ. ಆದರೆ ದುಬಾರಿ ಪುಸ್ತಕಗಳನ್ನು ಒಂದೇ ಸಲ ತರಿಸುವಷ್ಟು ಕೈಯಲ್ಲಿಲ್ಲ.

ರಾಯಚೂರು ನಕ್ಷೆಗಾರ

ಮೇಡಂ, ಬಹಳ ಒಳ್ಳೆಯ ಪ್ರಶ್ನೆ. ಹಲಗೆ ಅಂಟಿಸುವ ಮೊದಲೇ ಕೇಳಿದಿರಿ ಅನ್ನುವುದು ಇನ್ನೂ ಒಳ್ಳೆಯದು.

ಮೊದಲು ಒಂದು ಕೆಲಸ ಮಾಡಿ. ಯಾವ ವರ್ಷದ ಬೀಗಲ್ ಕಟ್ಟುತ್ತೀರಿ ಅಂತ ತೀರ್ಮಾನಿಸಿ, ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಮೇಜಿನ ಮುಂದೆ ಅಂಟಿಸಿ. ನೀವು ಹೇಳಿದ ಗೊಂದಲದಲ್ಲಿ ಅರ್ಧ ಇಲ್ಲೇ ತೀರುತ್ತದೆ. ಬೀಗಲ್ ನೀರಿಗಿಳಿದದ್ದು 1820ರಲ್ಲಿ, ಆಗ ಅದಕ್ಕೆ ಎರಡೇ ಕಂಬ. 1825ರಲ್ಲಿ ಸಮೀಕ್ಷೆ ಕೆಲಸಕ್ಕೆ ಸಜ್ಜು ಮಾಡುವಾಗ ಹಿಂದೆ ಮೂರನೇ ಕಂಬ ಸೇರಿಸಿದರು. ಡಾರ್ವಿನ್ ಹೋದ ಎರಡನೇ ಯಾತ್ರೆ 1831ರ ಡಿಸೆಂಬರ್‌ನಿಂದ 1836ರ ಅಕ್ಟೋಬರ್‌ವರೆಗೆ. ಅದಕ್ಕೂ ಮೊದಲು ಹಡಗನ್ನು ಮತ್ತೊಮ್ಮೆ ಭಾರಿ ದುರಸ್ತಿ ಮಾಡಿದರು. 1837ರಿಂದ 1843ರವರೆಗೆ ಮೂರನೇ ಯಾತ್ರೆ, ಆಸ್ಟ್ರೇಲಿಯಾ ಕಡೆಗೆ. ಹಾಗಾಗಿ ಎರಡು ಕಂಬದ ಚಿತ್ರ ಸುಳ್ಳಲ್ಲ, ಮೂರು ಕಂಬದ್ದೂ ಸುಳ್ಳಲ್ಲ. ಎರಡೂ ಬೇರೆ ಬೇರೆ ವರ್ಷದ್ದು. ನಿಮಗೆ ಬೇಕಾದದ್ದು 1831ರ ಕೊನೆಯಲ್ಲಿ ಬಂದರು ಬಿಟ್ಟ ಬೀಗಲ್. ಅದರ ಹಿಂದಿನದು, ಮುಂದಿನದು ಯಾವುದು ಸಿಕ್ಕರೂ ಪಕ್ಕಕ್ಕಿಡಿ, ಎಷ್ಟು ಚೆನ್ನಾಗಿದ್ದರೂ ಸರಿ.

ಎರಡನೆಯದು, ಪ್ರತಿ ಆಧಾರಕ್ಕೂ ಮೂರು ಪ್ರಶ್ನೆ ಕೇಳಿ. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಏನನ್ನು ನೋಡಿ ಮಾಡಿದ್ದು. ಮೂರಕ್ಕೂ ಉತ್ತರ ಇಲ್ಲದ ಚಿತ್ರವನ್ನು ಅಲಂಕಾರ ಅಂತ ನೋಡಿ ಸುಮ್ನೆ ಮುಂದೆ ಹೋಗಿ.

ಬೀಗಲ್ ವಿಷಯದಲ್ಲಿ ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಕ್ಯಾಪ್ಟನ್ ಫಿಟ್ಜ್‌ರಾಯ್ ಬರೆದ ಯಾತ್ರೆಯ ವರದಿಗೆ. 1839ರಲ್ಲಿ ಪ್ರಕಟವಾಯಿತು. ಡಾರ್ವಿನ್ ಆನ್‌ಲೈನ್ ಅನ್ನುವ ತಾಣದಲ್ಲಿ ಪೂರ್ತಿ ಉಚಿತವಾಗಿ ಓದಬಹುದು. ಎರಡನೇ ಯಾತ್ರೆಯ ಸಂಪುಟದ ಮೊದಲ ಭಾಗದಲ್ಲೇ ಹಡಗಿಗೆ ಏನೇನು ಮಾಡಿಸಿದೆ ಅಂತ ಬರೆದಿದ್ದಾನೆ. ಮೇಲಿನ ಡೆಕ್ಕನ್ನು ಹಿಂಭಾಗದಲ್ಲಿ 8 ಇಂಚು, ಮುಂಭಾಗದಲ್ಲಿ 12 ಇಂಚು ಎತ್ತರಿಸಿದರು. ತಳಕ್ಕೆ 2 ಇಂಚು ದಪ್ಪದ ಫರ್ ಮರದ ಹೊದಿಕೆ ಹಾಕಿ ಅದರ ಮೇಲೆ ತಾಮ್ರ ಹೊಡೆದರು. ಕ್ಯಾಪ್‌ಸ್ಟನ್ ಬದಲು ವಿಂಡ್‌ಲಾಸ್ ಹಾಕಿದರು, ಅಂದರೆ ಲಂಗರು ಎತ್ತುವ ನಿಂತ ಉರುಳೆ ತೆಗೆದು ಅಡ್ಡ ಉರುಳೆ. ನಿಮ್ಮ ಅನುಮಾನಕ್ಕೆ ಉತ್ತರ ಸಿಕ್ಕಿತಲ್ವಾ? 1831ಕ್ಕೆ ಅಡ್ಡ ಮಲಗಿದ್ದೇ ಸರಿ. ಹಾಗೇ ಆರು ಹೊಸ ದೋಣಿಗಳನ್ನು ಈ ಯಾತ್ರೆಗೆಂದೇ ಕಟ್ಟಿಸಿದರು. ಹ್ಯಾರಿಸ್ ಅನ್ನುವವರ ಸಿಡಿಲು ವಾಹಕಗಳನ್ನು ಎಲ್ಲ ಕಂಬಗಳಿಗೂ ಹಾಕಿಸಿದರು. ಹಡಗಿನ ಕ್ಯಾಪ್ಟನ್, ಕೆಲಸ ಮಾಡಿಸಿದವನು, ಕೆಲವೇ ವರ್ಷಗಳಲ್ಲಿ ಬರೆದದ್ದು. ಇದಕ್ಕಿಂತ ಗಟ್ಟಿ ಮಾತು ಎಲ್ಲಿ ಸಿಗಬೇಕು.

ಆಮೇಲೆ ನೌಕಾದಳದ ಮೂಲ ನಕ್ಷೆಗಳು. ಇಂಗ್ಲೆಂಡಿನ ಗ್ರೀನಿಚ್‌ನಲ್ಲಿರುವ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ ಹಳೆಯ ಯುದ್ಧನೌಕೆಗಳ ನಕ್ಷೆಗಳ ದೊಡ್ಡ ಸಂಗ್ರಹವಿದೆ, ಅವರ ತಾಣದಲ್ಲಿ ಹುಡುಕಿ ನೋಡಬಹುದು. ಆದರೆ ಇಲ್ಲೊಂದು ಎಚ್ಚರಿಕೆ. ಬೀಗಲ್ ಚೆರೋಕೀ ವರ್ಗದ ಹಡಗು. ಆ ವರ್ಗದ ವಿನ್ಯಾಸ ಹೆನ್ರಿ ಪೀಕ್‌ದು, 1807ರದ್ದು, ಅದೇ ವಿನ್ಯಾಸದಲ್ಲಿ ನೂರಕ್ಕೂ ಹೆಚ್ಚು ಹಡಗು ಕಟ್ಟಿದರು. ವರ್ಗದ ನಕ್ಷೆ ನೋಡಿ ಇದೇ ಡಾರ್ವಿನ್ ಹಡಗು ಅಂದುಕೊಳ್ಳಬಾರದು, ಅದರಲ್ಲಿ ಇರುವುದು ಎರಡು ಕಂಬದ ಮೂಲ ರೂಪ. ತಳದ ಆಕಾರಕ್ಕೆ ಅದನ್ನು ನಂಬಿ. ಡೆಕ್ಕಿನ ಎತ್ತರ, ಹಿಂದಿನ ಕ್ಯಾಬಿನ್, ಕಂಬಗಳು, ಇವಕ್ಕೆ ನಂಬಬೇಡಿ.

ನಾನು ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವನು, ಈಗ ನಿವೃತ್ತ. ಕಾಲುವೆಗೆ ಮಂಜೂರಾದ ನಕ್ಷೆ ಒಂದು, ಕೆಲಸ ಮುಗಿದ ಮೇಲೆ ಬರೆಯುವ ನಕ್ಷೆ ಇನ್ನೊಂದು. ನೆಲದ ಮೇಲೆ ಇರುವುದು ಎರಡನೆಯದು. ಹಡಗಿನ ನಕ್ಷೆಗಳಲ್ಲೂ ಹೀಗೇ, ಕಟ್ಟುವ ಮೊದಲಿನ ವಿನ್ಯಾಸ ಬೇರೆ, ಕಟ್ಟಿದ ಮೇಲೆ ಅಳೆದು ಬರೆದದ್ದು ಬೇರೆ. ನಕ್ಷೆಯ ಮೂಲೆಯ ಬರಹವನ್ನು ದೊಡ್ಡದು ಮಾಡಿ ಓದಿ. ತಾರೀಖು, ಹಡಗಿನ ಹೆಸರು, ಯಾವ ಕೆಲಸಕ್ಕೆ ಬರೆದದ್ದು ಅಂತ ಅಲ್ಲೇ ಇರುತ್ತದೆ. ಕಪ್ಪು ಗೆರೆಗಳ ಮೇಲೆ ಬೇರೆ ಬಣ್ಣದ ಶಾಯಿ ಕಂಡರೆ ಅದು ಆಮೇಲಿನ ತಿದ್ದುಪಡಿ ಇರಬಹುದು, ಬಿಟ್ಟುಬಿಡಬೇಡಿ.

ಚಿತ್ರಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಎಲ್ಲರೂ ಎಡವುವುದು ಅಲ್ಲೇ. ಕಾನ್ರಾಡ್ ಮಾರ್ಟೆನ್ಸ್ ಅನ್ನುವ ಕಲಾವಿದ 1833-34ರಲ್ಲಿ ಬೀಗಲ್ ಮೇಲೇ ಇದ್ದ. 1834ರ ಏಪ್ರಿಲ್‌ನಲ್ಲಿ ದಕ್ಷಿಣ ಅಮೆರಿಕದ ಸಾಂತಾ ಕ್ರೂಸ್ ನದಿಯ ಬಾಯಲ್ಲಿ ತಳ ಪರೀಕ್ಷೆ ಮಾಡಲು ಹಡಗನ್ನು ದಡಕ್ಕೆ ಮಲಗಿಸಿದ ದೃಶ್ಯ ಅವನದು. ಅದರ ಅಚ್ಚು ಫಿಟ್ಜ್‌ರಾಯ್ ಪುಸ್ತಕದಲ್ಲೇ ಇದೆ. ನೀರಿನ ಕೆಳಗಿನ ಭಾಗ ಕಾಣುವ ಚಿತ್ರ, ಕಣ್ಣಾರೆ ಕಂಡವನ ಕೈಯದು. ಇದನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ. ಓವನ್ ಸ್ಟ್ಯಾನ್ಲಿ ಬರೆದ ಜಲವರ್ಣ ಚಿತ್ರವನ್ನೂ ಜನ ಬಳಸುತ್ತಾರೆ. ಅವನೂ ನೌಕಾಧಿಕಾರಿಯೇ, ಕಣ್ಣಾರೆ ಕಂಡವನೇ, ಆದರೆ ಅದು 1841ರದ್ದು, ಮೂರನೇ ಯಾತ್ರೆಯ ಕಾಲ. ನಿಮ್ಮ ವರ್ಷದ್ದಲ್ಲ.

ಇನ್ನೊಂದು ಬಹಳ ಹರಿದಾಡುವ ಚಿತ್ರ ಇದೆ, ಹಡಗನ್ನು ಉದ್ದಕ್ಕೆ ಸೀಳಿದ ಹಾಗೆ ಒಳಗಿನ ಕೋಣೆಗಳನ್ನೆಲ್ಲ ತೋರಿಸುವಂಥದ್ದು. ಅದು ಫಿಲಿಪ್ ಗಿಡ್ಲಿ ಕಿಂಗ್ ಬರೆದದ್ದು. ಕಿಂಗ್ ಡಾರ್ವಿನ್ ಜೊತೆ ಅದೇ ಕ್ಯಾಬಿನ್ನಿನಲ್ಲಿ ಇದ್ದ ಹುಡುಗ, ಹತ್ತಿದಾಗ 14 ವರ್ಷ. ಆದರೆ ಬರೆದದ್ದು 1890ರ ಸುಮಾರಿಗೆ, ನೆನಪಿನಿಂದ. ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ, ಏನು ಎಲ್ಲಿತ್ತು ಅಂತ ತಿಳಿಯಲೂ ಒಳ್ಳೆಯದು. ಅದರ ಮೇಲೆ ಸ್ಕೇಲ್ ಇಟ್ಟು ಅಳತೆ ತೆಗೆಯಬೇಡಿ, ಅಷ್ಟೇ.

ಸಿಂಧನೂರು ಹುಡುಗ

ಅಕ್ಕಾ, ನಕ್ಷೆಗಾರ ಸರ್ ಹೇಳಿದ್ದೆಲ್ಲ ಸರಿ ಇದೆ, ಆದರೂ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮೊದಲ ಕಿಟ್ ಆದರೆ ಪುಸ್ತಕದಲ್ಲಿ ಇದ್ದ ಹಾಗೆ ಕಟ್ಟಿ ಮುಗಿಸಿ. ಆಧಾರ ಹುಡುಕುತ್ತಾ ಕೂತರೆ ಡಬ್ಬಿ ಅಟ್ಟ ಸೇರುತ್ತದೆ. ಎರಡು ಪದರ ಹಲಗೆ ಕೂರಿಸುವುದೇ ದೊಡ್ಡ ಕೆಲಸ. ಮೂತಿಯ ಹತ್ತಿರ ಪಟ್ಟಿಗಳನ್ನು ಸಣ್ಣಗೆ ಹೆರೆದು ಬಗ್ಗಿಸಬೇಕು, ಹಿಂದೆ ತಿರುವು ಕೊಡಬೇಕು. ಕೈಗೆ ಅದು ಬರಲಿ. ಮಕ್ಕಳು ಬೆರಗಾಗುವುದು ಇಡೀ ಹಡಗು ನೋಡಿ, ವಿಂಡ್‌ಲಾಸ್ ನೋಡಿ ಅಲ್ಲ.

ಹಾಗೂ ಮನಸ್ಸು ಕೇಳದಿದ್ದರೆ ಆಮೇಲೆ ಬದಲಾಯಿಸಲು ಬರದಂಥವನ್ನು ಮಾತ್ರ ಈಗ ಪರೀಕ್ಷಿಸಿ. ದೋಣಿ, ಹಗ್ಗ, ಬಣ್ಣ, ಲಂಗರು, ಇವೆಲ್ಲ ಇನ್ನೂ ಎಷ್ಟೋ ತಿಂಗಳ ಮಾತು. ಓದುವುದನ್ನೂ ಆಗಲೇ ಓದಿದರಾಯಿತು. ಎಲ್ಲ ಓದಿ ಆಮೇಲೆ ಶುರು ಮಾಡುತ್ತೇನೆ ಅನ್ನುವುದು ಮಾತ್ರ ಬೇಡ ಅಕ್ಕಾ.

ರಾಯಚೂರು ನಕ್ಷೆಗಾರ

ತಮ್ಮಾ, ಬದಲಾಯಿಸಲು ಬರದ್ದನ್ನು ಮೊದಲು ನೋಡಿ ಅಂದದ್ದು ನೂರಕ್ಕೆ ನೂರು ಒಪ್ಪಿದೆ. ಪುಸ್ತಕದಲ್ಲಿ ಇದ್ದ ಹಾಗೆ ಕಟ್ಟಿ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಮೇಡಂ ಇದನ್ನು ಮನೆಯ ಶೋಕೇಸಿಗೆ ಕಟ್ಟುತ್ತಿಲ್ಲ, ಪಾಠಕ್ಕೆ ಕಟ್ಟುತ್ತಿದ್ದಾರೆ. ಶಾಲೆಯಲ್ಲಿ ಕಂಡದ್ದು ಮಕ್ಕಳ ತಲೆಯಲ್ಲಿ ಜೀವನಪೂರ್ತಿ ಉಳಿಯುತ್ತದೆ.

ಬದಲಾಯಿಸಲು ಬರದ್ದು ಅಂದರೆ ಡೆಕ್ಕಿನ ಎತ್ತರ. 8 ಇಂಚು ಅಂದರೆ 1:60ರಲ್ಲಿ 3.4 ಮಿ.ಮೀ., 12 ಇಂಚು ಅಂದರೆ 5 ಮಿ.ಮೀ. ಕಾಗದದ ಮೇಲೆ ಸಣ್ಣದು, ಮಾದರಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಕಿಟ್ ಮಾಡಿದವರು ವರ್ಗದ ಹಳೆಯ ನಕ್ಷೆ ಹಿಡಿದರೋ, 1831ರ ರೂಪ ಹಿಡಿದರೋ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಹಲಗೆ ಹೊಡೆದ ಮೇಲೆ ತಿದ್ದಲು ಆಗುವುದಿಲ್ಲ, ಹೀಗಾಗಿ ಅಡ್ಡ ಚೌಕಟ್ಟುಗಳನ್ನು ಅಂಟಿಸುವ ಮೊದಲೇ ನೋಡಬೇಕು.

ಕೊಪ್ಪಳ ಬಡಿಗೇರ

ಟೀಚರ್, ನಾನು ಮರಗೆಲಸದವನು, ಬಾಗಿಲು ಕಿಟಕಿ ಮಾಡುವುದು ಹೊಟ್ಟೆಪಾಡು, ಹಡಗಿನ ಮಾದರಿ ಮನಸ್ಸಿಗೆ. ಓದುವುದು ದೊಡ್ಡವರು ಹೇಳಿದರು, ಅಳೆಯುವುದನ್ನು ನಾನು ಹೇಳುತ್ತೇನೆ.

ಆ ಕಾಲದ ಇಂಗ್ಲಿಷ್ ನೌಕಾದಳದ ನಕ್ಷೆಗಳು ಸಾಮಾನ್ಯವಾಗಿ ಒಂದು ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ ಇರುತ್ತವೆ, ಅಂದರೆ 1:48. ನಿಮ್ಮದು 1:60. 48ನ್ನು 60ರಿಂದ ಭಾಗಿಸಿದರೆ 0.8. ಮೂಲ ಗಾತ್ರದ ನಕ್ಷೆ ಸಿಕ್ಕರೆ ಶೇ. 80ಕ್ಕೆ ಇಳಿಸಿ ಪ್ರಿಂಟ್ ತೆಗೆಸಿ, ನಿಮ್ಮ ಚೌಕಟ್ಟುಗಳನ್ನು ಅದರ ಮೇಲೇ ಇಟ್ಟು ನೋಡಬಹುದು. ಬರೀ ಫೈಲ್ ಇದ್ದರೆ ಶೇಕಡಾ ಲೆಕ್ಕ ನಂಬಬೇಡಿ. ನಕ್ಷೆಯ ಕೆಳಗೆ ಅಡಿಗಳ ಸ್ಕೇಲ್ ಗೆರೆ ಇರುತ್ತದೆ. ಪ್ರಿಂಟ್‌ನಲ್ಲಿ ಅದರ 10 ಅಡಿ 50.8 ಮಿ.ಮೀ. ಬಂದರೆ ಸರಿ, ಬರದಿದ್ದರೆ ಅನುಪಾತ ಸರಿ ಮಾಡಿಸಿ ಮತ್ತೆ ತೆಗೆಸಿ. ಮನೆ ಪ್ಲಾನ್ ಪ್ರಿಂಟ್ ಮಾಡುವ ಪ್ಲಾಟರ್ ಅಂಗಡಿಯಲ್ಲಿ ಕೆಲಸ ಆಗುತ್ತದೆ. ಹಾಳೆಗೆ ಹೊಂದಿಸಿ ಅನ್ನುವ ಆಯ್ಕೆ ತೆಗೆಯಲು ಹೇಳಿ, ಇಲ್ಲದಿದ್ದರೆ ಯಂತ್ರ ತನಗೆ ಬೇಕಾದ ಹಾಗೆ ಕುಗ್ಗಿಸುತ್ತದೆ. ಉದ್ದಕ್ಕೂ ಅಳೆಯಿರಿ, ಅಗಲಕ್ಕೂ ಅಳೆಯಿರಿ.

ಚೌಕಟ್ಟು ಇಟ್ಟು ನೋಡುವಾಗ ಒಂದು ವಿಷಯ ನೆನಪಿರಲಿ. ಆ ನಕ್ಷೆಯ ಗೆರೆಗಳು ಹೊರಹಲಗೆಯ ಒಳಮೈಗೆ ಇರುತ್ತವೆ, ಹಲಗೆಯ ದಪ್ಪ ಅದರಲ್ಲಿ ಸೇರಿರುವುದಿಲ್ಲ. ಕಿಟ್‌ನಲ್ಲಿ ಎರಡು ಪದರ ಪಟ್ಟಿ ಬರುತ್ತದಲ್ಲ, ಆ ದಪ್ಪಕ್ಕೆ ಚೌಕಟ್ಟನ್ನು ಅವರು ಒಳಗೆ ತಂದಿರುತ್ತಾರೆ. ಅಷ್ಟು ಚಿಕ್ಕದಾಗಿ ಕಂಡರೆ ಕಿಟ್ ತಪ್ಪು ಅಂತ ಗಾಬರಿ ಬೀಳಬೇಡಿ.

ಪ್ರಿಂಟ್ ಕೂಡ ಬೇಡ ಅಂದರೆ ಕೈಲೆಕ್ಕ ಇದೆ. ಬೀಗಲ್ ಡೆಕ್ಕಿನ ಉದ್ದ 90 ಅಡಿ 4 ಇಂಚು, ಅಗಲ 24 ಅಡಿ 6 ಇಂಚು. 1:60ರಲ್ಲಿ ಉದ್ದ ಸುಮಾರು 459 ಮಿ.ಮೀ., ಅಗಲ 124 ಮಿ.ಮೀ.ಗಿಂತ ಚೂರು ಹೆಚ್ಚು. ಮೂತಿಯ ಕೋಲು, ಹಿಂದಿನ ಕಂಬಿ ಇದರಲ್ಲಿ ಬರುವುದಿಲ್ಲ. ಡಬ್ಬಿಯ ಮೇಲೆ ಹಾಕುವ ಉದ್ದ ಅವೆಲ್ಲ ಸೇರಿಸಿ ಹಾಕಿದ್ದು.

ಇನ್ನು ನಾನು ಎಲ್ಲ ಮಾದರಿಗೂ ಮಾಡುವುದು ಒಂದಿದೆ. ಕಾರ್ಡ್‌ಬೋರ್ಡಿನಲ್ಲಿ 28 ಮಿ.ಮೀ. ಎತ್ತರದ ಒಬ್ಬ ಮನುಷ್ಯನನ್ನು ಕತ್ತರಿಸಿಕೊಳ್ಳಿ. 1:60ರಲ್ಲಿ ಅವನು ಐದೂವರೆ ಅಡಿ. ಅವನನ್ನು ಬಾಗಿಲ ಮುಂದೆ ನಿಲ್ಲಿಸಿ, ಚುಕ್ಕಾಣಿ ಚಕ್ರದ ಪಕ್ಕ ನಿಲ್ಲಿಸಿ, ಮೆಟ್ಟಿಲ ಮೇಲೆ ನಿಲ್ಲಿಸಿ. ಬಾಗಿಲು ಅವನ ಎದೆಗೆ ಬಂದರೆ, ಒಂದೊಂದು ಮೆಟ್ಟಿಲು ಅವನ ಮೊಣಕಾಲು ದಾಟಿದರೆ, ಆ ತುಂಡು ತಪ್ಪು. ಅದಕ್ಕೆ ಯಾವ ಪುಸ್ತಕವೂ ಬೇಡ.

ತಾಮ್ರದ ತಗಡಿಗೂ ಹೀಗೇ. ಇಂಗ್ಲಿಷ್ ನೌಕಾದಳದ ತಗಡು 4 ಅಡಿ ಉದ್ದ, 14 ಇಂಚು ಅಗಲ. ನಿಮ್ಮ ಮಾದರಿಯಲ್ಲಿ ಅದು ಸುಮಾರು 20 ಮಿ.ಮೀ. ಉದ್ದ, 6 ಮಿ.ಮೀ. ಅಗಲ ಬರಬೇಕು. ಕಿಟ್ ತಗಡಿನ ಮೇಲೆ ಮೊಳೆ ತಲೆಗಳು ಗುಳ್ಳೆ ಹಾಗೆ ಉಬ್ಬಿದ್ದರೆ ಅದನ್ನು ಬಿಟ್ಟು ನುಣುಪು ತಾಮ್ರದ ಅಂಟು ಪಟ್ಟಿ ತನ್ನಿ. ನಿಜವಾದ ಮೊಳೆ ತಲೆ ತಗಡಿಗೆ ಸಮನಾಗಿ ಕೂತಿರುತ್ತದೆ, ಇಷ್ಟು ಸಣ್ಣ ಅಳತೆಯಲ್ಲಿ ಕಾಣುವುದೇ ಇಲ್ಲ.

ಬಳ್ಳಾರಿ ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಫಿಟ್ಜ್‌ರಾಯ್ ಪುಸ್ತಕದ ಆ ಭಾಗ ರಾತ್ರಿಯೇ ಓದಿದೆ. ವಿಂಡ್‌ಲಾಸ್, ದೋಣಿ, ಡೆಕ್ ಎಲ್ಲ ಅಲ್ಲೇ ಇದೆ! ಅಡುಗೆ ಒಲೆ ಯಾವುದು ಅಂತಲೂ ಬರೆದಿದ್ದಾನೆ, ಸಾಮಾನ್ಯ ಒಲೆ ಬದಲು ಓವನ್ ಇರುವ ಫ್ರೇಜರ್ ಒಲೆ. ಇದು ನನ್ನ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಸಿಂಧನೂರು ತಮ್ಮ ಹೇಳಿದ ಹಾಗೆ ಓದುತ್ತಲೇ ಕೂರುವುದಿಲ್ಲ, ಮೊದಲು ಡೆಕ್ ಎತ್ತರ ನೋಡಿ ಚೌಕಟ್ಟು ಶುರು ಮಾಡುತ್ತೇನೆ.

ಎರಡು ಪ್ರಶ್ನೆ ಉಳಿದಿವೆ. ಹಗ್ಗಗಳ ದಪ್ಪಕ್ಕೆ ಏನು ನೋಡಬೇಕು? ಕಿಟ್‌ನಲ್ಲಿ ಮೂರೇ ದಪ್ಪದ ದಾರ ಇದೆ. ಇನ್ನೊಂದು, ಇವತ್ತಿಗೂ ಉಳಿದಿರುವ ಹಳೆಯ ಹಡಗುಗಳ ಫೋಟೊ ನೋಡಿ ಕಟ್ಟಿದರೆ ನಡೆಯುತ್ತದಾ? ವಿಕ್ಟರಿ ಹಡಗಿನ ಫೋಟೊಗಳು ಸಾವಿರಾರು ಸಿಗುತ್ತವೆ.

ಗಂಗಾವತಿ ಹಗ್ಗದವ

ಹಗ್ಗದ ವಿಷಯಕ್ಕೆ ನಾನು ಬರುತ್ತೇನೆ ಮೇಡಂ.

ಹಳೆಯ ಇಂಗ್ಲಿಷ್ ಪಟ್ಟಿಗಳಲ್ಲಿ ಹಗ್ಗದ ಅಳತೆ ಅಂತ ಕೊಡುವುದು ಸುತ್ತಳತೆ, ದಪ್ಪ ಅಲ್ಲ. ಹಗ್ಗದ ಸುತ್ತ ದಾರ ಸುತ್ತಿ ಅಳೆದದ್ದು. ಕಂಬಗಳಿಗೆ ಮಾತ್ರ ವ್ಯಾಸ ಕೊಡುತ್ತಾರೆ. 6 ಇಂಚಿನ ಹಗ್ಗ ಅಂತ ಇದ್ದರೆ 3.14ರಿಂದ ಭಾಗಿಸಿ, 1.9 ಇಂಚು ದಪ್ಪ ಬರುತ್ತದೆ, 1:60ರಲ್ಲಿ 0.8 ಮಿ.ಮೀ. ಇದನ್ನು ತಿಳಿಯದೆ 6 ಇಂಚನ್ನೇ ದಪ್ಪ ಅಂತ ಹಿಡಿದರೆ ಎರಡೂವರೆ ಮಿ.ಮೀ. ಹಗ್ಗ ಕಟ್ಟುತ್ತೀರಿ, ಹಡಗು ಕಣ್ಣಿಗೇ ಒಪ್ಪುವುದಿಲ್ಲ.

ರಾಟೆಗಳಿಗೂ ಒಂದು ಹಳೆಯ ಲೆಕ್ಕ ಇದೆ, ಹಗ್ಗದ ಸುತ್ತಳತೆಯ ಸುಮಾರು ಮೂರು ಪಟ್ಟು ರಾಟೆಯ ಉದ್ದ. 3 ಇಂಚಿನ ಹಗ್ಗಕ್ಕೆ 9 ಇಂಚಿನ ರಾಟೆ, ನಿಮ್ಮ ಮಾದರಿಯಲ್ಲಿ 3.8 ಮಿ.ಮೀ. ಅದೇ ಹಗ್ಗ 0.4 ಮಿ.ಮೀ. ದಾರ ಆಗುತ್ತದೆ. ದಾರಕ್ಕೂ ರಾಟೆಗೂ ಹೊಂದುತ್ತದಾ ಅಂತ ಇದರಲ್ಲೇ ನೋಡಬಹುದು.

ಆಧಾರಕ್ಕೆ ಡೇವಿಡ್ ಸ್ಟೀಲ್ ಅವರ 1794ರ ಹಗ್ಗ ಜೋಡಣೆ ಪುಸ್ತಕ ಹಕ್ಕು ಮುಗಿದು ಎಲ್ಲರಿಗೂ ಉಚಿತ. ಅದರಲ್ಲಿ ಹಡಗಿನ ಗಾತ್ರಕ್ಕೆ ತಕ್ಕ ಹಗ್ಗಗಳ ಉದ್ದುದ್ದ ಪಟ್ಟಿಗಳೇ ಇವೆ. ಯಾವ ಹಗ್ಗ ಏನು ಕೆಲಸ ಮಾಡುತ್ತದೆ ಅಂತ ಕಲಿಯಲು ಬಹಳ ಚೆನ್ನಾಗಿದೆ. ಆದರೆ ನಿಮ್ಮ ಬೀಗಲ್ ಅದಕ್ಕಿಂತ 37 ವರ್ಷ ಈಚಿನದು, ಅಷ್ಟರಲ್ಲಿ ರೂಢಿ ಬದಲಾಗಿತ್ತು. ಜೇಮ್ಸ್ ಲೀಸ್ ಅವರ ಪುಸ್ತಕ 1625ರಿಂದ 1860ರವರೆಗಿನ ಇಂಗ್ಲಿಷ್ ಯುದ್ಧನೌಕೆಗಳ ಕಂಬ, ಹಗ್ಗಗಳನ್ನೇ ಹೇಳುತ್ತದೆ. ಯಾವ ಪದ್ಧತಿ ಯಾವ ವರ್ಷ ಬಂತು, ಯಾವಾಗ ಹೋಯಿತು ಅಂತ ವರ್ಷ ಹಾಕಿ ಕೊಡುತ್ತದೆ, ಅಳತೆಗಳನ್ನು ಅನುಪಾತದಲ್ಲಿ ಕೊಡುತ್ತದೆ. ದುಡ್ಡು ಕೊಟ್ಟು ಒಂದೇ ಪುಸ್ತಕ ತರಿಸುವುದಾದರೆ ಅದನ್ನೇ ತರಿಸಿ, ಮುಂದಿನ ಎಷ್ಟೇ ಹಡಗಿಗೂ ಬರುತ್ತದೆ.

ದಾರದ ಬಗ್ಗೆ ಒಂದು ಮಾತು. ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಟಾರು ಬಳಿಯುತ್ತಿದ್ದರು, ಅವು ಕಡು ಬಣ್ಣ. ಹಾಯಿ ಎಳೆಯುವ ಹಗ್ಗಗಳು ತಿಳಿ ಕಂದು. ಮೂರು ದಪ್ಪದ ದಾರ ಸಾಲುವುದಿಲ್ಲ, ನಾಲ್ಕೈದು ದಪ್ಪ ಬೇಕು. ನಮ್ಮ ಕಡೆ ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಹುರಿ ದಾರಗಳನ್ನು ತಂದು, ಒಂದು ಪೆನ್ಸಿಲಿಗೆ ಒತ್ತಾಗಿ ಹತ್ತು ಸುತ್ತು ಸುತ್ತಿ, ಅಗಲ ಅಳೆದು ಹತ್ತರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ನವಿರು ಎದ್ದರೆ ಜೇನುಮೇಣದ ಮೇಲೆ ಎಳೆಯಿರಿ.

ರಾಯಚೂರು ನಕ್ಷೆಗಾರ

ಉಳಿದಿರುವ ಹಡಗುಗಳ ಫೋಟೊ ಬಗ್ಗೆ.

ನೋಡಿ, ಖಂಡಿತ ನೋಡಿ. ಹಗ್ಗ ಕಂಬಕ್ಕೆ ಹೇಗೆ ಸುತ್ತಿಕೊಂಡಿದೆ, ಫಿರಂಗಿ ಗಾಡಿಯ ಗಾಲಿ ಹೇಗಿದೆ, ಹಲಗೆ ಹಲಗೆ ಎಲ್ಲಿ ಸೇರುತ್ತದೆ, ಇವನ್ನು ಫೋಟೊ ಹೇಳಿದಷ್ಟು ನಕ್ಷೆ ಹೇಳುವುದಿಲ್ಲ. ಆದರೆ ಫೋಟೊ ತೋರಿಸುವುದು ತೆಗೆದ ದಿನದ ಹಡಗನ್ನು. ವಿಕ್ಟರಿ 1765ರಲ್ಲಿ ನೀರಿಗಿಳಿಯಿತು. 1800ರಿಂದ 1803ರವರೆಗೆ ಅದನ್ನು ಎಷ್ಟು ಬದಲಾಯಿಸಿದರು ಅಂದರೆ ಹಿಂಭಾಗದಲ್ಲಿದ್ದ ತೆರೆದ ಮೊಗಸಾಲೆಗಳನ್ನೇ ಮುಚ್ಚಿದರು. ಈಗ ಪೋರ್ಟ್ಸ್‌ಮತ್‌ನಲ್ಲಿ ನಿಂತಿರುವುದನ್ನು 1805ರ ಟ್ರಫಾಲ್ಗರ್ ಯುದ್ಧದ ರೂಪಕ್ಕೆ ತಂದಿದ್ದಾರೆ. 2011ರಲ್ಲಿ ದುರಸ್ತಿಗೆಂದು ಮೇಲಿನ ಕಂಬಗಳನ್ನು ಇಳಿಸಿದರು. ಹಳೆಯ ಬಣ್ಣದ ಪದರಗಳನ್ನು ಪರೀಕ್ಷಿಸಿ 2015ರಲ್ಲಿ ಹೊರಮೈ ಬಣ್ಣವನ್ನೇ ಬದಲಾಯಿಸಿದರು, ಮೊದಲಿದ್ದ ಗಾಢ ಹಳದಿ ಹೋಗಿ ತಿಳಿ ಬಣ್ಣ ಬಂತು. 2010ರ ಫೋಟೊ ನೋಡಿ ಬಣ್ಣ ಹಚ್ಚಿದವನೂ 2016ರ ಫೋಟೊ ನೋಡಿದವನೂ ಜಗಳಕ್ಕೆ ಬಿದ್ದರೆ ತೀರ್ಪು ಹೇಳುವವರು ಯಾರು? ಫೋಟೊ ಉಳಿಸುವಾಗ ಫೈಲಿನ ಹೆಸರಲ್ಲೇ ವರ್ಷ ಹಾಕಿಟ್ಟುಕೊಳ್ಳಿ.

ಮತ್ತೆ, ವಿಕ್ಟರಿ ನೂರು ಫಿರಂಗಿಯ ದೊಡ್ಡ ಹಡಗು, ನಿಮ್ಮದು ಸಣ್ಣದು. ಅಲ್ಲಿನ ಅಳತೆ ಇಲ್ಲಿಗೆ ಹೊಂದುವುದಿಲ್ಲ. ಕಾಲದ ದೃಷ್ಟಿಯಿಂದ ನೋಡಿದರೆ ಟ್ರಿಂಕೋಮಲಿ ನಿಮಗೆ ಹತ್ತಿರ. ಅದು 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಸಾಗವಾನಿಯಲ್ಲಿ ಕಟ್ಟಿದ ಹಡಗು, ಬೀಗಲ್‌ಗಿಂತ ಮೂರೇ ವರ್ಷ ಹಿರಿಯದು. ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲಿದೆ. ನಮ್ಮ ದೇಶದ ಕೈಗಳು ಕಟ್ಟಿದ ಹಡಗು ಇನ್ನೂರು ವರ್ಷ ದಾಟಿ ಉಳಿದಿದೆ ಅಂತ ನಿಮ್ಮ ಮಕ್ಕಳಿಗೆ ತಪ್ಪದೆ ಹೇಳಿ ಮೇಡಂ, ನನಗೆ ಅದನ್ನು ನೆನೆದರೆ ಈಗಲೂ ಖುಷಿ. ಅದೂ ಬೀಗಲ್‌ಗಿಂತ ಬಹಳ ದೊಡ್ಡದೇ. ಜೋಡಣೆಯ ರೀತಿಗೆ ನೋಡಿ, ಗಾತ್ರಕ್ಕೆ ಬೇಡ.

ಪುಸ್ತಕದ ಮಾತು ಬಂತಲ್ಲ, ಬೀಗಲ್ ಒಂದಕ್ಕೇ ಕಾರ್ಲ್ ಹೈಂಜ್ ಮಾರ್ಕ್ವಾರ್ಟ್ ಅವರ ಪುಸ್ತಕ ಇದೆ, 1997ರದ್ದು, ಪುಟ ಪುಟಕ್ಕೂ ನಕ್ಷೆ. ಅದು ಫಿಟ್ಜ್‌ರಾಯ್ ಬರಹ, ವರ್ಗದ ನಕ್ಷೆ, ಆ ಕಾಲದ ಚಿತ್ರ ಇವೆಲ್ಲ ಸೇರಿಸಿ ತಿಳಿದವರು ಹೊಸದಾಗಿ ಬರೆದ ಹಡಗು. ಮೂಲ ಅಲ್ಲ, ಮೂಲ ಓದಿದವರ ತೀರ್ಮಾನ. ನೀವು ಫಿಟ್ಜ್‌ರಾಯ್ ಓದಿಯೇಬಿಟ್ಟಿರುವುದರಿಂದ ಆ ತೀರ್ಮಾನ ಎಲ್ಲಿ ಗಟ್ಟಿ, ಎಲ್ಲಿ ಊಹೆ ಅಂತ ನಿಮಗೇ ತಿಳಿಯುತ್ತದೆ. ಕೊಳ್ಳುವ ಮೊದಲು ಮಾಡೆಲ್ ಶಿಪ್ ವರ್ಲ್ಡ್ ತಾಣದಲ್ಲಿ ಬೀಗಲ್ ಕಟ್ಟಿದವರ ದಿನಚರಿಗಳನ್ನು ಓದಿ. ಅಲ್ಲೂ ಅದೇ ನಿಯಮ, ಇದು ಎಲ್ಲಿಂದ ತಿಳಿಯಿತು ಅಂತ ಬರೆಯುವವರನ್ನು ಹಿಂಬಾಲಿಸಿ. ಮಾದರಿ ಎಷ್ಟೇ ಚಂದ ಇರಲಿ, ಆಧಾರ ಹೇಳದವರದನ್ನು ನೋಡಿ ಖುಷಿಪಡಿ, ನಕಲು ಮಾಡಬೇಡಿ.

ಸಿಂಧನೂರು ಹುಡುಗ

ಸರ್, ಇದು ನಿಜಕ್ಕೂ ಉಪಯೋಗದ ಮಾತು. ಅಕ್ಕಾ, ಒಂದು ಸಲಹೆ. ಕಪಾಟಿನಲ್ಲಿ ಮಾದರಿ ಪಕ್ಕ ಒಂದು ಸಣ್ಣ ಕಾರ್ಡ್ ಇಡಿ. ಡೆಕ್ ಎತ್ತರ, ವಿಂಡ್‌ಲಾಸ್, ದೋಣಿಗಳು ಕ್ಯಾಪ್ಟನ್ ಬರೆದದ್ದರಿಂದ, ತಳದ ಆಕಾರ ಚೆರೋಕೀ ವರ್ಗದ ನಕ್ಷೆಯಿಂದ, ಇನ್ನುಳಿದದ್ದು ಕಿಟ್ ಮಾಡಿದವರ ಊಹೆ ಅಂತ ಬರೆದುಬಿಡಿ. ಮಕ್ಕಳಿಗೆ ವಿಜ್ಞಾನದ ಪಾಠವೂ ಅದೇ ಆಯಿತಲ್ವಾ, ಏನು ಗೊತ್ತು, ಹೇಗೆ ಗೊತ್ತು ಅಂತ ಹೇಳುವುದು.

ಬಳ್ಳಾರಿ ಟೀಚರ್

ಕಾರ್ಡ್ ಇಡುತ್ತೇನೆ ತಮ್ಮಾ, ಮಕ್ಕಳ ಕೈಯಲ್ಲೇ ಬರೆಸುತ್ತೇನೆ. ಬಡಿಗೇರ ಅಣ್ಣಾ, ಒಂದು ಕೇಳಬೇಕಿತ್ತು. ಕಿಟ್‌ನಲ್ಲಿ ವಿಂಡ್‌ಲಾಸ್ ಇದೆ, ಆದರೆ ನಿಮ್ಮ 28 ಮಿ.ಮೀ. ಮನುಷ್ಯನನ್ನು ಪಕ್ಕ ನಿಲ್ಲಿಸಿದರೆ ಅದು ಅವನ ಎದೆಗೆ ಬರುತ್ತದೆ. ಹೊಸದು ಮಾಡುವುದಾದರೆ ಯಾವ ಮರ? ಮನೆಯಲ್ಲಿ ಹಳೆಯ ಸಾಗವಾನಿ ಬಾಗಿಲ ತುಂಡುಗಳಿವೆ.

ಕೊಪ್ಪಳ ಬಡಿಗೇರ

ಸಾಗವಾನಿ ಬೇಡ ಟೀಚರ್. ಮರ ಒಳ್ಳೆಯದೇ, ಆದರೆ ಅದರ ಎಳೆ ದಪ್ಪ, ಇಷ್ಟು ಸಣ್ಣ ತುಂಡಿನಲ್ಲಿ ರಂಧ್ರಗಳು ಎದ್ದು ಕಾಣುತ್ತವೆ, ಮೂಲೆ ಸಿಗಿಯುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಸಿಕ್ಕರೆ ಅದು ಸರಿ, ಬಿಳಿ, ಎಳೆ ಬಹಳ ಸಣ್ಣ, ಚಾಕುವಿಗೆ ಚೆನ್ನಾಗಿ ಬರುತ್ತದೆ.

ಉರುಳೆಯನ್ನು ದುಂಡಗೆ ಮಾಡಬೇಡಿ, ಎಂಟು ಮುಖ ಬರುವ ಹಾಗೆ ಹೆರೆಯಿರಿ, ಹಳೆಯ ವಿಂಡ್‌ಲಾಸ್‌ಗಳು ಹೆಚ್ಚಾಗಿ ಹಾಗೇ ಇರುತ್ತಿದ್ದವು. ಎತ್ತರ ಆ ಮನುಷ್ಯನ ಸೊಂಟದ ಸುತ್ತಮುತ್ತ ಇರಲಿ, ಸನ್ನೆ ಹಾಕಿ ತಿರುಗಿಸಲು ಅವನ ಕೈಗೆ ಎಟುಕಬೇಕಲ್ಲ. ಮೊದಲು ಸಾಬೂನಿನ ತುಂಡಿನಲ್ಲಿ ಒಂದು ಕೊರೆದು ಡೆಕ್ ಮೇಲಿಟ್ಟು ನೋಡಿ, ಗಾತ್ರ ಒಪ್ಪಿದರೆ ಮರಕ್ಕೆ ಕೈ ಹಾಕಿ. ಮತ್ತೆ ಈಗ ಬಿಸಿಲು ಜೋರು, ಮಧ್ಯಾಹ್ನ ಪಟ್ಟಿ ಅಂಟಿಸಬೇಡಿ. ಫೆವಿಕಾಲ್ ಬೇಗ ಒಣಗಿ ಪಟ್ಟಿ ಸರಿ ಮಾಡಲು ಸಮಯವೇ ಸಿಗುವುದಿಲ್ಲ, ನೆನೆಸಿ ಬಗ್ಗಿಸಿದ ಪಟ್ಟಿ ಪೂರ್ತಿ ಆರುವ ಮೊದಲೇ ಅಂಟಿಸಿದರೆ ಆಮೇಲೆ ಕುಗ್ಗಿ ಸಂದು ಬಿಡುತ್ತದೆ. ಬಗ್ಗಿಸಿದ್ದನ್ನು ಒಂದು ರಾತ್ರಿ ಪಿನ್ ಹೊಡೆದು ಹಾಗೇ ಬಿಡಿ, ಬೆಳಿಗ್ಗೆ ಅಂಟು ಹಚ್ಚಿ.